ಮೈ ಕರಗುವ ವಾಸನೆ ಹಿಡಿದವರು

ಅವರು ತೀರಿಕೊಂಡ ಸುದ್ದಿ ಬೆಳಗ್ಗೆ ಮೊಬೈಲಿಗೆ ಬಂತು. ಕೊಳ್ಳೇಗಾಲದಿಂದ ಹನೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ನೌಕರರು ಮಾಡಿಕೊಂಡ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಯಾರೋ ಅವರ ಹಳೆಯ ಫೋಟೋ ಹಾಕಿ, ಸುತ್ತ ಗುಲಾಬಿ ಅಂಟಿಸಿ, ‘ಸದಾ ಹಸನ್ಮುಖಿ, ಮೃದುಭಾಷಿ, ಎಲ್ಲರ ಅಚ್ಚುಮೆಚ್ಚಿನ ಲ್ಯಾಬ್ ಮೇಡಂ ಇನ್ನಿಲ್ಲ’ ಎಂದು ಬರೆದಿದ್ದರು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಓದಿ ನನಗೆ ಹೇಸಿಗೆಯಾಯಿತು. ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಮೂರೋ ನಾಲ್ಕೋ ಸಲ. ಮೃದುವಾಗಿ ಮಾತಾಡಿದ್ದನ್ನು ಕೇಳಿದ್ದು ಒಂದೇ ಸಲ. ಅವರನ್ನು ಕೆಲಸದಿಂದ ತೆಗೆದ ದಿನ ಈ ಗುಂಪಿನಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಾನೂ ಬಿಟ್ಟಿರಲಿಲ್ಲ.

ಹನೂರು ಬಸ್ ನಿಲ್ದಾಣದ ಹತ್ತಿರ ರಕ್ತ, ಮೂತ್ರ ಪರೀಕ್ಷೆ ಮಾಡುವ ಖಾಸಗಿ ಲ್ಯಾಬಿನಲ್ಲಿ ಅವರಿಗೆ ಕೆಲಸ. ಊರು ಯಳಂದೂರು. ಅಲ್ಲಿಂದ ಬೆಳಗ್ಗೆ ಕೊಳ್ಳೇಗಾಲಕ್ಕೆ ಬಂದು ಹನೂರಿನ ಬಸ್ಸು ಹಿಡಿಯುತ್ತಿದ್ದರು. ನನ್ನ ಮನೆ ಕೊಳ್ಳೇಗಾಲ. ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದೇ ಬಸ್ಸು, ಮೂರನೇ ಸಾಲಿನ ಒಂದೇ ಸೀಟು, ಒಂಬತ್ತು ವರ್ಷ. ತೆಳ್ಳಗೆ ಎತ್ತರದ ಹೆಂಗಸು. ಸೆರಗಿಗೆ ಎರಡು ಪಿನ್ನು. ಕೈ ಯಾವಾಗಲೂ ಸ್ಪಿರಿಟ್ ವಾಸನೆ. ಲ್ಯಾಬಿನಲ್ಲಿ ಗ್ಲೌಸು ಹಾಕಿ ಅಭ್ಯಾಸವಾಗಿ, ಮೂಗು ತುರಿಸಿದರೆ ಬೆರಳು ಮುಟ್ಟಿಸದೆ ಮಣಿಕಟ್ಟಿನ ಹಿಂಭಾಗದಿಂದ ಉಜ್ಜಿಕೊಳ್ಳುತ್ತಿದ್ದರು. ಆ ಮೂಗಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಕಂಡಕ್ಟರು ಟಿಕೆಟ್ ಕೊಟ್ಟು ಮುಂದೆ ಹೋದರೆ, “ಬೆಳ್ ಬೆಳುಗ್ಗೆನೇ ಹಾಕ್ಕಂಡವ್ನೆ” ಎನ್ನುವರು.

ಅವರ ಬಾಯಲ್ಲಿ ಹೆಚ್ಚು ಬರುತ್ತಿದ್ದ ಮಾತು ‘ಥೂ’. ಸೀಟಿನ ಒರಗಿನ ಮೇಲೆ ಯಾರದೋ ಎಣ್ಣೆತಲೆಯ ಗುರುತು ಕಂಡರೆ ಥೂ. ಕಿಟಕಿಯ ಸರಳಿಗೆ ಎಲೆಅಡಿಕೆ ಉಗುಳಿದ್ದರೆ ಥೂ. ಮದುವೆ ಮನೆಯಲ್ಲಿ ಎಲೆ ತುಂಬ ಹಾಕಿಸಿಕೊಂಡು ಅರ್ಧ ಬಿಟ್ಟು ಏಳುವವರಿಗೆ, ಸೊಸೆಯ ರಿಪೋರ್ಟನ್ನು ಸೊಸೆಗಿಂತ ಮೊದಲು ಕೇಳುವ ಅತ್ತೆಯರಿಗೆ, ಹೆಣ್ಣುಮಗುವಿನ ಚುಚ್ಚುಮದ್ದಿಗೆ ಬಸ್‌ಚಾರ್ಜಿಲ್ಲ ಎಂದು ತಾವು ಮಾತ್ರ ಹೊಸ ಚಪ್ಪಲಿಯಲ್ಲಿ ಬರುವ ಗಂಡಸರಿಗೆ, ಎಲ್ಲರಿಗೂ ಅದೇ. ನನಗೆ ಮೊದಮೊದಲು ಇರಿಸುಮುರಿಸಾಗುತ್ತಿತ್ತು. ಆಮೇಲೆ ಗಮನಿಸಿದೆ: ಕಫ, ಕೀವು, ಮಲ, ಮೂತ್ರ ಇವುಗಳ ಬಗ್ಗೆ ಒಂದು ದಿನವೂ ಅವರು ಥೂ ಎಂದವರಲ್ಲ.

ಒಂದು ದಿನ ನನ್ನ ಥೈರಾಯ್ಡ್ ಪರೀಕ್ಷೆಗೆ ಊಟದ ಬಿಡುವಿನಲ್ಲಿ ಅವರ ಲ್ಯಾಬಿಗೆ ಹೋಗಿದ್ದೆ. ಊರಿನ ಒಬ್ಬ ದೊಡ್ಡ ಮಂಡಿ ಯಜಮಾನರು ಬಿಳಿ ಪಂಚೆಯಲ್ಲಿ ಕೂತಿದ್ದರು. ಬರಿಹೊಟ್ಟೆಯಲ್ಲಿ ಕೊಡಬೇಕಾದ ರಕ್ತ. ಬೆಳಗ್ಗೆ ಕೊಟ್ಟು ಹೋಗಿ ಈಗ ರಿಪೋರ್ಟಿಗೆ ಬಂದಿದ್ದರು. ಮೇಡಂ ಒಳಗಿನಿಂದ ಒಂದು ಗಾಜಿನ ನಳಿಕೆ ಹಿಡಿದು ಬಂದರು. ತಳದಲ್ಲಿ ಕೆಂಪು, ಮೇಲೆ ಹಳದಿ ನೀರಿರಬೇಕಾದ ಕಡೆ ಸುಣ್ಣದ ನೀರಿನಂಥ ಬಿಳುಪು.

“ಏನ್ ತಿಂದಿದ್ರಿ ಯಜಮಾನ್ರೇ ಬೆಳುಗ್ಗೆ?”

“ತೊಟ್ಟು ನೀರೂ ಕುಡುದಿಲ್ಲ ಕಣಮ್ಮ.”

“ಇದ್ನ ಮಜ್ಜಿಗೆ ಅನ್ಕಬೇಡಿ. ನಿಮ್ ರಕ್ತ. ಬೆಳ್ಳುಗ್ ತೇಲ್ತಾ ಇರದು ಕೊಬ್ಬು. ಬಾಯ್ ಸುಳ್ ಏಳ್ತದೆ, ಮೈ ಎಲ್ ಸುಳ್ ಏಳ್ತದೆ? ನಿಜ ಏಳಿ.”

ಯಜಮಾನರು ಸುತ್ತ ನೋಡಿ ದನಿ ತಗ್ಗಿಸಿದರು. “ಎರಡ್ ಪೂರಿ.”

“ಎರಡಾ?”

“ನಾಕು. ಉದ್ದಿನ್ ವಡೆನೂವೆ.”

“ಥೂ. ನಾಳಿಕ್ ಬನ್ನಿ.”

ನಾನು ನಳಿಕೆ ನೋಡಿ ಬಾಯಿಗೆ ಸೆರಗು ಹಿಡಿದೆ. ಅವರು ಅದನ್ನು ಕಂಡರು. ಸಂಜೆ ಬಸ್ಸಿನಲ್ಲಿ ನನ್ನನ್ನು ಹಿಡಿದುಕೊಂಡರು.

“ತಿಂದದ್ದು ಎಲ್ಲಿಗ್ ಓಯ್ತದೆ ಅಂತ ಐಕ್ಳಿಗೆ ಏಳ್ಕೊಡ್ತೀರಲ್ಲ ಟೀಚರಮ್ಮ, ಏನಂತ ಏಳ್ತೀರಿ?”

ನಾನು ಪಠ್ಯಪುಸ್ತಕ ಒಪ್ಪಿಸಿದೆ. ಕೊಬ್ಬು ಜೀರ್ಣವಾಗಿ ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗುತ್ತದೆ, ಇತ್ಯಾದಿ.

“ಅಷ್ಟೇನಾ? ಎಣ್ಣೆ ತಿಂದ್ರೇನೇ ಕೊಬ್ಬಾಗದು ಅನ್ಕಂಡವ್ರೆ ಜನ. ಮುದ್ದೆ, ಅನ್ನ, ಸಕ್ಕರೆ, ಯಾವ್ದಾರ ಆಗ್ಲಿ, ಬೇಕಾದ್ದಕ್ಕಿಂತ ಎಚ್ಚಾದ್ರೆ ಈಲಿ, ಅದೇ ಲಿವರ್ರು, ಅದ್ನ ಕೊಬ್ಬು ಮಾಡ್ತದೆ. ಮಾಡಿ ಸೊಂಟುಕ್ಕೆ, ಒಟ್ಟೆಗೆ, ತೊಡೆಗೆ ಕಳುಸ್ತದೆ. ಇಟ್ಕೊ, ಈಗ್ಲೇ ಕರಗುಸ್ಬೇಡ ಅಂತ ಏಳದು ಇನ್ಸುಲಿನ್ನು. ಉಣ್ಣದೆ ಇದ್ದಾಗ ಅದು ಕಮ್ಮಿ ಆಯ್ತದೆ. ಆಗ ಇಟ್ಟಿದ್ದು ವಸಿ ವಸಿನೇ ಕರಗಿ ರಕ್ತುಕ್ ಬಂದು ಉರೀತದೆ. ನಡುದ್ರೂ ಉರೀತದೆ, ನಿದ್ದೆ ಮಾಡುದ್ರೂ ಉರೀತದೆ. ಇಷ್ಟ್ ಜ್ವಾಪಾನವಾಗಿ ಸಂಸಾರ ಮಾಡೋರು ಈ ತಾಲ್ಲೂಕಲ್ ಯಾರವ್ರೆ? ನಾವ್ ನೋಡುದ್ರೆ, ಕೊಬ್ಬು ಅನ್ನದ್ನ ಬೈಗುಳ ಮಾಡ್ಕಂಡಿದೀವಿ.”

ಆಗ ನಕ್ಕಿದ್ದರು. ಆ ಮೂರು ನಾಲ್ಕು ಸಲದಲ್ಲಿ ಅದೂ ಒಂದು.

ಈಗ ನಮ್ಮ ಮನೆಯ ಮಾತಿಗೆ ಬರಬೇಕು. ನನ್ನ ಅಕ್ಕನನ್ನು ಅಜ್ಜೀಪುರಕ್ಕೆ ಕೊಟ್ಟಿದೆ. ಜಮೀನು, ಕೊಳವೆಬಾವಿ, ಊರಿನಲ್ಲಿ ಮರ್ಯಾದೆ ಎಲ್ಲ ಇರುವ ಮನೆ. ಅವಳ ಒಬ್ಬಳೇ ಮಗಳು ಭವ್ಯ. ಹದಿನೇಳನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಮಾತ್ರೆಗೆ ಬಗ್ಗುವ ಮುದುಕರ ಕಾಯಿಲೆಯಲ್ಲ. ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ್ದು. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಲೇಬೇಕು. ಮೈಸೂರಿನ ಡಾಕ್ಟರು ಇದನ್ನು ಹೇಳಿದಾಗ ಭಾವ ಕೇಳಿದ ಮೊದಲ ಪ್ರಶ್ನೆ, “ಇದು ಆಚೆಗೆ ಗೊತ್ತಾಯ್ತದಾ ಸಾ?” ಅಂದಿನಿಂದ ಔಷಧಿಯನ್ನು ಫ್ರಿಜ್ಜಿನಲ್ಲಿ ಉಪ್ಪಿನಕಾಯಿ ಜಾಡಿಯ ಹಿಂದೆ ಬಟ್ಟೆ ಸುತ್ತಿ ಇಡುತ್ತಿದ್ದರು. ಯಾರಿಗೂ ಹೇಳಕೂಡದು ಎಂದು ಅಕ್ಕ ನನ್ನಿಂದ ದೇವರ ಮುಂದೆ ಮಾತು ತೆಗೆದುಕೊಂಡಳು. ವಿಜ್ಞಾನದ ಮೇಷ್ಟ್ರಮ್ಮ ನಾನು, ಕೊಟ್ಟೆ.

ಭವ್ಯಳಿಗೆ ಇಪ್ಪತ್ತೊಂದಾದಾಗ ಗಂಡು ಗೊತ್ತಾಯಿತು. ನೋಡಲು ಬಂದ ದಿನ ಹುಡುಗನ ತಾಯಿ ಉಪ್ಪಿಟ್ಟು ತಿನ್ನುತ್ತ, “ಕೂಸು ಲಕ್ಷಣವಾಗವ್ಳೆ, ವಸಿ ದಪ್ಪ ಅಷ್ಟೆ. ಮದ್ವೆ ಒತ್ಗೆ ಇಳುಸ್ಕತಾಳೆ ಬುಡಿ” ಎಂದರು. ಎಲ್ಲರೂ ನಕ್ಕರು. ಭವ್ಯ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಎರಡು ತಿಂಗಳಲ್ಲಿ ಅವಳು ಕರಗಿದಳು. ಕೆನ್ನೆ ಇಳಿಯಿತು, ಕುತ್ತಿಗೆ ಉದ್ದವಾಯಿತು, ರವಿಕೆಗಳನ್ನು ಮತ್ತೆ ಮತ್ತೆ ಹಿಡಿಸಬೇಕಾಯಿತು. ಕಂಡವರೆಲ್ಲ ಹೊಗಳಿದರು. ನಾನೂ ಹೊಗಳಿದೆ. “ಫೋಟೋದಲ್ಲಿ ಹೀರೋಯಿನ್ ತರ ಕಾಣ್ತೀಯ” ಎಂದೆ. ಆ ಫೋಟೋವನ್ನು ಬಸ್ಸಿನಲ್ಲಿ ಮೇಡಂಗೆ ತೋರಿಸಿ, ಹುಡುಗನ ತಾಯಿ ದಪ್ಪ ಎಂದದ್ದನ್ನೂ ಹೇಳಿಬಿಟ್ಟೆ.

ಅವರು ಮೊಬೈಲನ್ನು ದೂರ ಹಿಡಿದು ನೋಡಿದರು. “ಊಟ ಬುಟ್ಟವ್ಳಾ?”

“ಇಲ್ಲ, ಚೆನ್ನಾಗಿ ತಿನ್ತಾಳೆ. ಮೊದಲಿಗಿಂತ ಹೆಚ್ಚೇ.”

“ತಿಂದು ಸಣ್ಣ ಆಗವ್ಳಾ? ನೀರು?”

“ನೀರು...” ಎಂದು ನಿಲ್ಲಿಸಿದೆ. ಭವ್ಯ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದದ್ದನ್ನು ನಾನೇ ನೋಡಿದ್ದೆ. “ಎಲ್ಲರ ತರಾನೇ.”

“ಒಂದ್ಸಲ ಲ್ಯಾಬಿಗ್ ಕರ್ಕಂಡ್ ಬನ್ನಿ.”

“ಅವಳಿಗೇನೂ ಇಲ್ಲ ಮೇಡಂ. ಮದುವೆ ಖುಷಿ.”

ಅವರು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು.

ಮದುವೆ ಸೀರೆ ತೆಗೆಯುವುದು ಒಂದು ಶನಿವಾರ ಎಂದಾಯಿತು. ಕೊಳ್ಳೇಗಾಲದ ಅಂಗಡಿಗೆ ಬೀಗರು ನೇರವಾಗಿ ಬರುವುದು, ಅಕ್ಕ ಮತ್ತು ಭವ್ಯ ಅಜ್ಜೀಪುರದಿಂದ ಬಸ್ಸಿನಲ್ಲಿ ಹೊರಡುವುದು, ಅರ್ಧ ದಿನದ ಶಾಲೆ ಮುಗಿಸಿ ನಾನು ಹನೂರಿನಲ್ಲಿ ಅದೇ ಬಸ್ಸು ಹತ್ತುವುದು. ಹತ್ತಿದೆ. ಹಿಂದೆಯೇ ಮೇಡಂ ಹತ್ತಿದರು. ಬಸ್ಸು ತುಂಬಿತ್ತು. ಭವ್ಯಳ ಪಕ್ಕ ಇದ್ದ ಒಂದೇ ಜಾಗದಲ್ಲಿ ಅವರು ಕೂತರು. ಅಕ್ಕ ಮುಂದಿನ ಸೀಟಿನಲ್ಲಿ. ನಾನು ಕಂಬಿ ಹಿಡಿದು ನಿಂತಿದ್ದೆ.

ಭವ್ಯ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ತುಟಿ ಒಣಗಿ ಬಿರಿದಿತ್ತು. ಮೆಟ್ಟಿಲು ಹತ್ತಿ ಬಂದವಳಂತೆ ಜೋರಾಗಿ, ಆಳವಾಗಿ ಉಸಿರಾಡುತ್ತಿದ್ದಳು. ಬಸ್ಸು ಊರು ದಾಟುವಷ್ಟರಲ್ಲಿ ಮೇಡಂ ಮಣಿಕಟ್ಟಿನಿಂದ ಮೂಗು ಉಜ್ಜಿಕೊಂಡರು. ಅವಳ ಬಾಯಿಯ ಹತ್ತಿರ ಬಗ್ಗಿದರು, ಕೈ ಹಿಡಿದು ಬೆರಳ ತುದಿಯ ಸೂಜಿ ಗುರುತು ನೋಡಿದರು. ಆ ವಾಸನೆ ನನಗೂ ಬಂತು: ಮುಚ್ಚಿದ ಕೋಣೆಯಲ್ಲಿ ಕೊಳೆತ ಬಾಳೆಹಣ್ಣಿನದು, ಅದರೊಳಗೆ ಉಗುರುಬಣ್ಣ ಅಳಿಸುವ ದ್ರವದ್ದು. ಹುಡುಗಿ ಬಾಯಿಗೆ ಏಲಕ್ಕಿ ಹಾಕಿಕೊಂಡಿದ್ದರೂ ಅದು ಅಡಗಿರಲಿಲ್ಲ.

“ಕೂಸೇ, ಇಂಜೆಕ್ಷನ್ ಯಾವತ್ತಿಂದ ಬುಟ್ಟೆ?”

ಭವ್ಯ ಕಣ್ಣು ತೆರೆದಳು. ಅಕ್ಕ ಸರಕ್ಕನೆ ತಿರುಗಿದಳು. “ಯಾವ್ ಇಂಜೆಕ್ಷನ್ನು? ಏನಮ್ಮ ನೀನು, ಮದ್ವೆ ಆಗೋ ಉಡ್ಗಿಗೆ ಇಲ್ಲದ್ದೆಲ್ಲ ಏಳ್ತೀಯ?”

“ಇವ್ಳ ರಕ್ತ ಉಳಿಯಾಗ್ತಾ ಅದೆ ಕಣವ್ವ. ಮೈಯಲ್ಲಿ ಇಟ್ಟಿದ್ ಕೊಬ್ಬೆಲ್ಲ ಒಂದೇ ಸಲ ಕರಗಿ ಈಲಿಗೆ ಸುರೀತಾ ಅದೆ. ಈಲಿ ಅದ್ನೆಲ್ಲ ಉರಿಸಕ್ ಆಗ್ದೆ ಆಮ್ಲ ಮಾಡ್ತಾ ಅದೆ. ಆ ವಾಸ್ನೆ ಇದು. ಸಂಜೆ ಒತ್ಗೆ ಗ್ಯಾನ ತಪ್ತದೆ. ಮೊದ್ಲು ಆಸ್ಪತ್ರೆ.”

“ಬಸ್ಸಲ್ ಬಂದದ್ದುಕ್ಕೆ ತಲೆ ಸುತ್ತುತಾ ಅದೆ. ಅಷ್ಟೆ.”

ಆಗ ಭವ್ಯ ವಾಂತಿ ಮಾಡಿದಳು. ಕಿಟಕಿ ತೆರೆಯುವಷ್ಟು ಪುರುಸೊತ್ತು ಸಿಗಲಿಲ್ಲ. ಸುತ್ತ ಕೂತವರು ಕಾಲೆತ್ತಿಕೊಂಡರು, ಮೂಗು ಮುಚ್ಚಿದರು. ಒಬ್ಬಳು “ಅಯ್ಯೋ ನನ್ ಬ್ಯಾಗು” ಎಂದು ಎದ್ದೇಬಿಟ್ಟಳು. ನಾನು ಕೂಡ ಒಂದು ಹೆಜ್ಜೆ ಹಿಂದೆ ಸರಿದೆ. ಮೇಡಂ ಬರಿಗೈಯನ್ನು ಬೊಗಸೆ ಮಾಡಿ ಅವಳ ಗದ್ದದ ಕೆಳಗೆ ಹಿಡಿದಿದ್ದರು. ಇನ್ನೊಂದು ಕೈಯಿಂದ ಅವಳ ಹಣೆ. “ಬರ್ಲಿ ಬುಡು ಮಗ, ಬರ್ಲಿ. ನಾಚ್ಕಬೇಡ. ಇದ್ರಲ್ ಅಸಹ್ಯ ಏನದೆ? ಬರ್ಲಿ” ಎನ್ನುತ್ತಿದ್ದರು. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದು ಸಲ.

ಆಮೇಲೆ ಸೆರಗಿನಲ್ಲಿ ಅವಳ ಬಾಯಿ ಒರೆಸಿ, ತಲೆಯೆತ್ತಿ ನನ್ನನ್ನು ಕೇಳಿದರು.

“ಟೀಚರಮ್ಮ, ನೀವ್ ಏಳಿ. ಈ ಕೂಸಿಗೆ ಶುಗರ್ ಅದಾ, ಇಲ್ವಾ?”

ಅಕ್ಕ ನನ್ನನ್ನು ನೋಡಿದಳು. ಬಸ್ಸಿನಲ್ಲಿ ಅರ್ಧ ಜನ ಗುರುತಿನವರು. ಅಜ್ಜೀಪುರದವರೂ ಇಬ್ಬರಿದ್ದರು.

“ಇಲ್ಲ” ಎಂದೆ.

ಮೇಡಂ ನನಗೆ ಥೂ ಎನ್ನಲಿಲ್ಲ.

ಕೊಳ್ಳೇಗಾಲದಲ್ಲಿ ಇಳಿದ ಮೇಲೆ ಅಕ್ಕ ಸೋಡಾ ಕುಡಿಸಿ, ಮುಖ ತೊಳೆಸಿ, “ಒಂದರ್ಧ ಗಂಟೆ ತಡ್ಕೊ, ಅವ್ರು ಕಾಯ್ತಾವ್ರೆ, ಆಮೇಲ್ ಡಾಕ್ಟ್ರು” ಎಂದು ಭವ್ಯಳನ್ನು ಅಂಗಡಿಗೆ ನಡೆಸಿಕೊಂಡು ಹೋದಳು. ಇನ್ನೊಂದು ತೋಳನ್ನು ನಾನು ಹಿಡಿದಿದ್ದೆ. ಸುಳ್ಳು ಹೇಳಿದ ಬಾಯಿಗೆ ಕೈಯೂ ಜೊತೆಯಾಯಿತು.

ಅಂಗಡಿಯಲ್ಲಿ ಬೀಗಿತ್ತಿ ಆಗಲೇ ಬಿಳಿ ಹಾಸಿನ ಮೇಲೆ ಹತ್ತಾರು ರೇಷ್ಮೆ ಸೀರೆ ಹರವಿಸಿಕೊಂಡು ಕೂತಿದ್ದರು. “ನೋಡಿ ಎಷ್ಟ್ ಚೆಂದ ಇಳುಸವ್ಳೆ” ಎಂದು ಭವ್ಯಳ ಸೊಂಟ ಮುಟ್ಟಿ, ಅರಿಸಿನ ಬಣ್ಣದ ಸೀರೆಯೊಂದನ್ನು ಅವಳ ಹೆಗಲಿಗೆ ಹಾಕಿದರು. ಕನ್ನಡಿಯಲ್ಲಿ ಭವ್ಯ ತೂಗಾಡುತ್ತಿದ್ದಳು. ಅಷ್ಟರಲ್ಲಿ ಮೇಡಂ ಒಳಗೆ ಬಂದರು. ಸೆರಗಿನಲ್ಲಿ ವಾಂತಿಯ ಕಲೆ ಹಾಗೇ ಇತ್ತು. ನಮ್ಮ ಹಿಂದೆಯೇ ಆಟೋದಲ್ಲಿ ಬಂದು, ಅದನ್ನು ಬಾಗಿಲಲ್ಲಿ ನಿಲ್ಲಿಸಿದ್ದರು.

“ನೀವು ಉಡ್ಗನ ತಾಯಾ? ಈ ಕೂಸಿಗೆ ಶುಗರ್ ಅದೆ. ದಪ್ಪ ಅಂದ್ರಿ ಅಂತ ಇಂಜೆಕ್ಷನ್ ಬುಟ್ಟವ್ಳೆ. ಈಗ್ಲೇ ಆಸ್ಪತ್ರೆಗ್ ಓಗ್ನಿಲ್ಲ ಅಂದ್ರೆ, ನೀವ್ ತಗಳದು ಧಾರೆ ಸೀರೆ ಅಲ್ಲ, ಎಣದ್ ಮೇಲ್ ಒದ್ಸೋ ಸೀರೆ.”

ಬೀಗಿತ್ತಿ ಮೊದಲು ಮಾಡಿದ ಕೆಲಸ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಭವ್ಯಳ ಹೆಗಲ ಮೇಲಿನ ಸೀರೆಯನ್ನು ಎರಡು ಬೆರಳಿನಲ್ಲಿ ಎತ್ತಿ ತೆಗೆದರು. ಸೀರೆ ಕಳಚಿದ ಹಾಗೆಯೇ ಅವಳು ಹಾಸಿನ ಮೇಲೆ ಕುಸಿದಳು.

ಆಟೋದಲ್ಲಿ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರು. ನಾಲ್ಕು ದಿನ ಐಸಿಯುನಲ್ಲಿ ಸಲೈನು, ಇನ್ಸುಲಿನ್ನು. ಭವ್ಯ ಆಮೇಲೆ ಹೇಳಿದಳು: ಮೊದಲು ದಿನಕ್ಕೆ ಒಂದು ಸಲದ್ದು ತಪ್ಪಿಸಿದಳಂತೆ, ಮೈ ಇಳಿಯುವುದು ಕಂಡು ಎರಡು. ಕಡೆಯ ದಿನಗಳಲ್ಲಿ ಮನೆ ತುಂಬ ನೆಂಟರು, ಯಾರು ಬೇಕಾದರೂ ಫ್ರಿಜ್ಜು ತೆಗೆಯುತ್ತಿದ್ದರು ಎಂದು ಅಕ್ಕನೇ ಔಷಧಿಯನ್ನೆಲ್ಲ ತೆಗೆದು ಎಸೆದಿದ್ದಳು. ಐಸಿಯು ಬಾಗಿಲಲ್ಲಿ ಕೂತು, ಮಗಳು ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ ಮೇಲೆ, ಅಕ್ಕ ಆಡಿದ ಮೊದಲ ಮಾತು, “ಆ ಎಂಗ್ಸು ನಮ್ ಮಾನ ಬೀದಿಗ್ ಹಾಕ್ಬುಟ್ಳು.” ನಾನು ಅವಳ ಬೆನ್ನು ಸವರಿದೆ.

ಮದುವೆ ಮುರಿಯಿತು. ಭಾವ ನಾಲ್ಕು ಜನರನ್ನು ಕಟ್ಟಿಕೊಂಡು ಲ್ಯಾಬಿಗೆ ಹೋಗಿ ಕೂಗಾಡಿದರು. ರೋಗಿಗಳ ಗುಟ್ಟನ್ನು ಊರಿಗೆಲ್ಲ ಸಾರುವ ಹೆಂಗಸು ಎಂದು ಹೆಸರಾಯಿತು. ಭವ್ಯ ಆ ಲ್ಯಾಬಿನ ಮೆಟ್ಟಿಲನ್ನೇ ಹತ್ತಿದವಳಲ್ಲ. ಅದನ್ನು ಯಾರೂ ಕೇಳಲಿಲ್ಲ. ಲ್ಯಾಬಿನ ಮಾಲೀಕರು ಒಂದು ಮಧ್ಯಾಹ್ನ ಶಾಲೆಗೇ ಬಂದರು. “ನೀವು ಬಸ್ಸಲ್ಲಿದ್ರಂತಲ್ಲ ಟೀಚರ್. ಆ ಹುಡುಗಿ ಸಾಯೋ ಸ್ಥಿತಿಲಿದ್ಲಾ? ನಮ್ ಮೇಡಂ ಹೇಳಿದ್ದು ಸರಿನಾ? ನೀವು ಒಂದ್ ಮಾತು ಹೇಳಿದ್ರೆ ನಾನು ಅವರನ್ನ ಇಟ್ಕೋತೀನಿ” ಎಂದರು.

“ನಾನು ದೂರ ನಿಂತಿದ್ದೆ. ಸರಿಯಾಗಿ ಕೇಳಿಸ್ಲಿಲ್ಲ” ಎಂದೆ.

ಆ ದಿನ ಒಂಬತ್ತನೇ ತರಗತಿಗೆ ನಾನು ಮಾಡಬೇಕಿದ್ದ ಪಾಠ ಆಹಾರ ಮತ್ತು ಪೋಷಣೆ. ಮಾಡಿದೆ. ಚೆನ್ನಾಗಿಯೇ ಮಾಡಿದೆ ಅನ್ನಿಸುತ್ತದೆ.

ಅವರು ಹನೂರು ಬಿಟ್ಟು ಯಳಂದೂರಿನಲ್ಲೇ ಎಲ್ಲೋ ಸಣ್ಣ ಕೆಲಸ ಹಿಡಿದರು. ನಾನು ಬಸ್ಸಿನ ಹೊತ್ತು ಬದಲಾಯಿಸಿದೆ. ಆ ಮೂರನೇ ಸಾಲಿನಲ್ಲಿ ಕೂರಲಾಗಲಿಲ್ಲ. ಎರಡು ವರ್ಷದ ಮೇಲೆ ಕೊಳ್ಳೇಗಾಲದ ನಿಲ್ದಾಣದಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಕ್ಷಮಿಸಿ ಎಂದು ಶುರು ಮಾಡಿದೆ.

“ಅದ್ನ ತಗಂಡು ನಾನೇನ್ ಮಾಡ್ಲಿ?” ಎಂದು ಕತ್ತರಿಸಿದರು. “ಕೂಸು ಮೈ ತುಂಬ್ಕಂಡವ್ಳಾ?”

“ಹ್ಞೂಂ. ಮೊದಲಿನ ಹಾಗೆ ದಪ್ಪ ಆಗಿದ್ದಾಳೆ.”

“ಆಗ್ಲಿ. ಅಲ್ಲೇ ಇರ್ಲಿ ಕೊಬ್ಬು” ಎಂದು ತಮ್ಮ ಬಸ್ಸಿನ ಕಡೆ ನಡೆದರು.

ಸುದ್ದಿ ಬಂದ ಬೆಳಗ್ಗೆ ಶಾಲೆಗೆ ರಜೆ ಹಾಕಿ ಯಳಂದೂರಿಗೆ ಹೋದೆ. ಸಣ್ಣ ಹೆಂಚಿನ ಮನೆ. ಗುಂಪಿನಲ್ಲಿ ಕೈಮುಗಿದವರಲ್ಲಿ ಒಬ್ಬರೂ ಬಂದಿರಲಿಲ್ಲ. ಪಡಸಾಲೆಯಲ್ಲಿ ಅವರನ್ನು ಮಲಗಿಸಿತ್ತು. ಕಾಲಿನ ಹತ್ತಿರ, ಅತ್ತು ಊದಿದ ಕಣ್ಣಿನ ಭವ್ಯ ಕೂತಿದ್ದಳು. ನನಗೆ ನಂಬಲಾಗಲಿಲ್ಲ. ಹನೂರಿನಲ್ಲಿ ಅವಳದೊಂದು ಟೈಲರಿಂಗ್ ಅಂಗಡಿಯಿದೆ. ಈಚೆಗೆ ಒಂದು ವರ್ಷದಿಂದ ತಿಂಗಳಿಗೊಮ್ಮೆ ಲೈನಿಂಗ್ ಬಟ್ಟೆ ತರಲು ಹೋಗುತ್ತೇನೆಂದು ಮನೆಯಲ್ಲಿ ಹೇಳುತ್ತಿದ್ದಳು. ಹೋಗುತ್ತಿದ್ದದ್ದು ಇಲ್ಲಿಗೆ. ಮೇಡಂ ರಕ್ತ ಪರೀಕ್ಷಿಸಿ, ಬೈದು, ಊಟ ಹಾಕಿ ಕಳಿಸುತ್ತಿದ್ದರಂತೆ.

“ನೀನ್ಯಾಕ್ ಬಂದೆ ಚಿಕ್ಕವ್ವ?” ಎಂದಳು.

ನಾನು ಅವಳ ಪಕ್ಕ ಕೂತೆ. ಕೇಳಬಾರದಿತ್ತು, ಕೇಳಿದೆ. “ನನ್ ಬಗ್ಗೆ ಏನಾದ್ರೂ ಅಂತಿದ್ರಾ?”

“ಒಂದ್ಸಲ ನಾನೇ ಕೇಳ್ದೆ. ಎಲ್ರುನ್ನೂ ಬೈತೀರಲ್ಲ, ನಮ್ ಚಿಕ್ಕವ್ವುನ್ನ ಯಾಕ್ ಬಯ್ಯಕಿಲ್ಲ ಅಂತ. ಟೀಚರಮ್ಮುಂಗೆ ಎಲ್ಲ ಗೊತ್ತಿತ್ತು ಕನ ಮಗ, ಗೊತ್ತಿಲ್ದೋರ್ನ ಬೈಬೋದು ಅಂದ್ರು.”

ಅಷ್ಟು ಹೇಳಿ ಅವಳು ಗಡಿಯಾರ ನೋಡಿದಳು. ಚೀಲದಿಂದ ಪೆನ್ನಿನಂಥ ಇಂಜೆಕ್ಷನ್ ತೆಗೆದು, ಅಲ್ಲಿ ಕೂತಿದ್ದವರ ಎದುರಿಗೇ ಚೂಡಿದಾರದ ಅಂಚು ಸರಿಸಿ, ಹೊಟ್ಟೆಯ ಕೊಬ್ಬನ್ನು ಎರಡು ಬೆರಳಲ್ಲಿ ಹಿಡಿದು ಚುಚ್ಚಿಕೊಂಡಳು. ಇಬ್ಬರು ಹೆಂಗಸರು ಮುಖ ತಿರುಗಿಸಿದರು.

“ಸಾವಿನ್ ಮನೇಲಿ ಒಲೆ ಅಚ್ಚಕಿಲ್ಲ. ಚುಚ್ಕಂಡ್ ಮೇಲೆ ನಾನ್ ಏನಾರ ತಿನ್ಲೇಬೇಕು. ತಂದ್ಕೊಡ್ತೀಯಾ?” ಎಂದಳು.

ನಾನು ಓಡಿದೆ. ಬೀದಿಯ ತುದಿಯ ಹೋಟೆಲಿನಲ್ಲಿ ಜನ ತುಂಬಿದ್ದರು. ಪಾರ್ಸೆಲ್ ಕಟ್ಟುವವನ ಮುಂದೆ ಐದಾರು ಕೈಗಳು ಚಾಚಿದ್ದವು. ನಾನು ಎಲ್ಲರನ್ನೂ ಸರಿಸಿ ಮುಂದೆ ನಿಂತು, ಇಡೀ ಹೋಟೆಲಿಗೆ ಕೇಳುವಷ್ಟು ಜೋರಾಗಿ ಹೇಳಿದೆ.

“ನಾಲ್ಕು ಇಡ್ಲಿ ಬೇಗ ಕೊಡಪ್ಪ. ನಮ್ಮ ಹುಡುಗಿಗೆ ಶುಗರ್ ಇದೆ.”

ಅವನು ತಲೆಯನ್ನೂ ಎತ್ತಲಿಲ್ಲ. ಎಲೆಯ ಮೇಲೆ ಇಡ್ಲಿ ಇಡುತ್ತ ಕೇಳಿದ: “ಚಟ್ನಿನಾ, ಸಾಂಬಾರಾ?”